ಅರ್ಧಕ್ಕೆ ನಿಂತ ಬಯೋಸ್ ಅಪ್‌ಡೇಟ್: ಲ್ಯಾಪ್‌ಟಾಪ್ ದೋಷ ನಿವಾರಣೆ ಕೈಪಿಡಿ

ಬಯೋಸ್, ಅಂದರೆ ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಮೊದಲು ಓಡುವ ಮೂಲ ತಂತ್ರಾಂಶ, ಅಪ್‌ಡೇಟ್ ಆಗುತ್ತಿರುವಾಗಲೇ ಕರೆಂಟ್ ಹೋಗಿ, ಅನಂತರ ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗುವುದನ್ನು ಬಿಟ್ಟು ಮತ್ತೇನೂ ಆಗದ ಲ್ಯಾಪ್‌ಟಾಪ್‌ಗಳು ಬಾಗಲಕೋಟೆ, ವಿಜಯಪುರ ಭಾಗದ ದುರಸ್ತಿ ಅಂಗಡಿಗಳಿಗೆ ಬರುವುದು ಹೊಸದೇನಲ್ಲ. ತಂದವರು ಹೇಳುವ ಮಾತೂ ಹೆಚ್ಚುಕಡಿಮೆ ಒಂದೇ: "ಅಪ್‌ಡೇಟ್ ಮಾಡ್ಲಿ ಅಂತ ಕೇಳ್ತರೀ ಸರ, ಹೂಂ ಅಂತ ಒತ್ತಿದೆ, ಅರ್ಧಕ್ಕ ಲೈಟ್ ಹೋದ್ವು, ಈಗ ಡಿಸ್‌ಪ್ಲೇನ ಬರವಲ್ದು." ಇಂಥ ಯಂತ್ರವನ್ನು ಕಂಡ ಕೂಡಲೇ ಮದರ್‌ಬೋರ್ಡ್ ಹೋಗಿದೆ ಎಂದು ತೀರ್ಪು ಕೊಡುವವರು ಬಹಳ ಜನರಿದ್ದಾರೆ. ಅಪ್‌ಡೇಟ್ ಕೆಟ್ಟಾಗ ಸಾಮಾನ್ಯವಾಗಿ ಬೋರ್ಡಿಗೆ ಏನೂ ಆಗಿರುವುದಿಲ್ಲ. ಅದರ ಮೇಲಿರುವ ಒಂದು ಚಿಕ್ಕ ಚಿಪ್‌ನೊಳಗಿನ ಬರಹ ಮಾತ್ರ ಕೆಟ್ಟಿರುತ್ತದೆ, ಮತ್ತು ಆ ಬರಹವನ್ನು ಮರಳಿ ಸರಿಪಡಿಸಲು ಬರುತ್ತದೆ.

ಸರಿಪಡಿಸುವ ಕ್ರಮವನ್ನು ಇಲ್ಲಿ ಸುಲಭದ್ದರಿಂದ ಕಠಿಣವಾದದ್ದರ ಕಡೆಗೆ ವಿವರಿಸಲಾಗಿದೆ. ಕ್ರಮ ಬಿಟ್ಟು ನೇರವಾಗಿ ಚಿಪ್‌ಗೆ ಕೈ ಹಾಕಿದರೆ, ಎರಡು ಕೀ ಒತ್ತಿ ಸರಿಹೋಗಬಹುದಾಗಿದ್ದ ಯಂತ್ರವೂ ಕೆಡಬಹುದು. ಅದಕ್ಕಿಂತಲೂ ಕಟ್ಟುನಿಟ್ಟಾಗಿ ಪಾಲಿಸಬೇಕಾದ ನಿಯಮ ಇನ್ನೊಂದಿದೆ: ಚಿಪ್‌ಗೆ ನೇರವಾಗಿ ಕೈ ಹಾಕುವ ಹಂತ ಬಂದಾಗ, ಅದರಲ್ಲಿ ಈಗ ಏನಿದೆಯೋ ಅದನ್ನು ಓದಿ ಉಳಿಸಿಕೊಳ್ಳುವವರೆಗೆ ಅದರ ಮೇಲೆ ಒಂದು ಬೈಟನ್ನೂ ಬರೆಯಕೂಡದು.

ಚಿಪ್‌ನೊಳಗೆ ಆಗಿರುವುದೇನು

ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್ ಎಂದು ಕರೆಯುತ್ತಿರುವುದು ನಿಜವಾಗಿ ಯುಇಎಫ್‌ಐ ಎಂಬ ಹೊಸ ಬಗೆಯ ಫರ್ಮ್‌ವೇರ್ (ಚಿಪ್‌ನಲ್ಲೇ ಬರೆದಿಟ್ಟ ತಂತ್ರಾಂಶ). ಇದು ಬಹುತೇಕ ಯಂತ್ರಗಳಲ್ಲಿ ಕರೆಂಟ್ ಇಲ್ಲದಿದ್ದರೂ ಬರಹ ಉಳಿಸಿಕೊಳ್ಳುವ, ಎಂಟು ಕಾಲಿನ ಎಸ್‌ಪಿಐ ಫ್ಲ್ಯಾಶ್ ಚಿಪ್ ಒಂದರಲ್ಲಿ ಕುಳಿತಿರುತ್ತದೆ. ಚಿಪ್‌ನ ಸಾಮರ್ಥ್ಯ ಸಾಮಾನ್ಯವಾಗಿ 8, 16 ಅಥವಾ 32 ಎಂಬಿ. ಇಂಟೆಲ್ ಯಂತ್ರದಲ್ಲಿ ಪವರ್ ಬಂದ ಮೇಲೆ ಪ್ರೊಸೆಸರ್ ತನ್ನ ಮೊದಲ ಆದೇಶವನ್ನು 4 ಜಿಬಿ ವಿಳಾಸದ ತುದಿಗಿಂತ 16 ಬೈಟ್ ಕೆಳಗಿನ ಸ್ಥಾನದಲ್ಲಿ ಹುಡುಕುತ್ತದೆ. ಆ ಸ್ಥಾನವು ಚಿಪ್‌ನ ಬಯೋಸ್ ಭಾಗದ ಕಟ್ಟಕಡೆಗೆ ಹೊಂದಿಕೊಂಡಿರುತ್ತದೆ. ಎಎಂಡಿ ಯಂತ್ರದಲ್ಲಿ ಪ್ರೊಸೆಸರಿನೊಳಗಿರುವ ಪ್ರತ್ಯೇಕ ಭದ್ರತಾ ಪ್ರೊಸೆಸರ್ ಮೊದಲು ಎದ್ದು, ತನಗೆ ಬೇಕಾದ ಕೋಡನ್ನು ಅದೇ ಚಿಪ್‌ನಿಂದ ಓದಿಕೊಳ್ಳುತ್ತದೆ. ಎರಡರಲ್ಲಿ ಯಾವುದೇ ಆಗಲಿ, ಅಲ್ಲಿ ಓದಲು ಸರಿಯಾದದ್ದು ಸಿಗದಿದ್ದರೆ ಮುಂದಿನ ಕೆಲಸ ಆರಂಭವಾಗುವುದೇ ಇಲ್ಲ. ಫ್ಯಾನ್ ಮತ್ತು ಚಾರ್ಜಿಂಗ್ ದೀಪಗಳನ್ನು ನೋಡಿಕೊಳ್ಳುವುದು ಎಂಬೆಡೆಡ್ ಕಂಟ್ರೋಲರ್ ಎಂಬ ಬೇರೆ ಚಿಪ್. ಆದ್ದರಿಂದಲೇ ಬಯೋಸ್ ಸತ್ತಿದ್ದರೂ ಫ್ಯಾನ್ ತಿರುಗುತ್ತಿರುತ್ತದೆ, ಕೆಲವೊಮ್ಮೆ ಪೂರ್ತಿ ವೇಗದಲ್ಲಿ.

ಫ್ಲ್ಯಾಶ್ ಚಿಪ್‌ನಲ್ಲಿ ಹಳೆಯದರ ಮೇಲೆ ಹೊಸದನ್ನು ನೇರವಾಗಿ ಬರೆಯಲು ಬರುವುದಿಲ್ಲ. ಶಾಲೆಯ ಪಾಟಿಯಂತೆ ಮೊದಲು ಒರೆಸಬೇಕು, ಅನಂತರ ಬರೆಯಬೇಕು. ಅಳಿಸಿದಾಗ ಎಲ್ಲ ಬಿಟ್‌ಗಳೂ 1 ಆಗುತ್ತವೆ, ಅಂದರೆ ಪ್ರತಿ ಬೈಟ್ ಎಫ್‌ಎಫ್ ಎಂದು ಓದುತ್ತದೆ. ಬರೆಯುವುದೆಂದರೆ ಬೇಕಾದ ಕಡೆ 1 ಅನ್ನು 0 ಮಾಡುವುದು. ಅಳಿಸುವ ಕೆಲಸ ಒಂದೊಂದೇ ಬೈಟಿನದಲ್ಲ, ಕನಿಷ್ಠ 4 ಕೆಬಿಯ ತುಂಡುಗಳಲ್ಲಿ ನಡೆಯುತ್ತದೆ. ಅಳಿಸುವುದಕ್ಕೂ ಬರೆಯುವುದಕ್ಕೂ ನಡುವೆ ಕರೆಂಟ್ ಹೋದರೆ ಚಿಪ್‌ನ ಒಂದು ಭಾಗದಲ್ಲಿ ಹೊಸ ಬಯೋಸ್, ಇನ್ನೊಂದು ಭಾಗದಲ್ಲಿ ಹಳೆಯದು, ನಡುವೆ ಬರೀ ಎಫ್‌ಎಫ್ ಉಳಿಯುತ್ತದೆ. ಮುಂದೆ ಚಿಪ್ ಓದಿ ನೋಡುವಾಗ ನಾವು ಹುಡುಕುವುದು ಇದೇ ಗುರುತನ್ನು.

ಬ್ಯಾಟರಿ ಇರುವ ಯಂತ್ರಕ್ಕೆ ಕರೆಂಟ್ ಹೋದರೇನು ಎಂದು ಯಾರಾದರೂ ಕೇಳುವುದು ಸಹಜ. ಅಪ್‌ಡೇಟ್ ಪ್ರೋಗ್ರಾಂಗಳು ಚಾರ್ಜರ್ ಜೋಡಿಸಿದೆಯೇ, ಬ್ಯಾಟರಿಯಲ್ಲಿ ಕನಿಷ್ಠ ಚಾರ್ಜ್ ಇದೆಯೇ ಎಂದು ನೋಡಿಯೇ ಮುಂದುವರಿಯುತ್ತವೆ. ಆದರೆ ವರ್ಷಗಟ್ಟಲೆ ಚಾರ್ಜರ್ ಮೇಲೆಯೇ ಓಡಿ ಮುದಿಯಾದ ಬ್ಯಾಟರಿ ಪರದೆಯ ಮೇಲೆ 60 ಪ್ರತಿಶತ ಎಂದು ತೋರಿಸುತ್ತಿದ್ದರೂ, ಭಾರ ಬಿದ್ದ ಕ್ಷಣದಲ್ಲಿ ಅದರ ವೋಲ್ಟೇಜ್ ಕುಸಿದುಬಿಡುತ್ತದೆ. ನಮ್ಮ ಕಡೆ ಆನ್‌ಲೈನ್ ಸೆಂಟರುಗಳಲ್ಲಿ, ಸಹಕಾರಿ ಸಂಘಗಳ ಕಚೇರಿಗಳಲ್ಲಿ ಇರುವ ಲ್ಯಾಪ್‌ಟಾಪ್‌ಗಳ ಸ್ಥಿತಿ ಸಾಮಾನ್ಯವಾಗಿ ಇದೇ. ಏಪ್ರಿಲ್, ಮೇ ತಿಂಗಳಲ್ಲಿ ಅಡ್ಡಮಳೆಯ ಗಾಳಿಗೆ ಕರೆಂಟ್ ಹೋದಾಗ ಅವು ಪೂರ್ತಿ ನಿಂತುಬಿಡುತ್ತವೆ.

ಮೊದಲು ಕಾಯುವುದು

ಪರದೆ ಕಪ್ಪಾಗಿದೆ ಎಂದ ಮಾತ್ರಕ್ಕೆ ಅಪ್‌ಡೇಟ್ ನಿಂತಿದೆ ಎಂದಲ್ಲ. ಈಗಿನ ಪದ್ಧತಿಯಲ್ಲಿ ವಿಂಡೋಸ್ ಹೊಸ ಫರ್ಮ್‌ವೇರನ್ನು ಹಸ್ತಾಂತರಿಸಿ ರೀಸ್ಟಾರ್ಟ್ ಆಗುತ್ತದೆ. ಬರೆಯುವ ಕೆಲಸವನ್ನು ಮಾಡುವುದು ಬಯೋಸ್ ತಾನೇ. ಆ ಹೊತ್ತಿನಲ್ಲಿ ಯಂತ್ರ ತಾನಾಗಿ ಒಂದೆರಡು ಸಲ ಆಫ್ ಆಗಿ ಆನ್ ಆಗಬಹುದು, ಫ್ಯಾನ್ ಜೋರಾಗಿ ತಿರುಗಬಹುದು, ಪರದೆ ಕೆಲವು ನಿಮಿಷ ಏನನ್ನೂ ತೋರಿಸದಿರಬಹುದು. ಮುಗಿದ ಮೇಲೂ ಮೊದಲ ಸಲ ಏಳುವಾಗ ರ್ಯಾಮ್‌ನ ಹೊಂದಾಣಿಕೆಯನ್ನು ಹೊಸದಾಗಿ ಲೆಕ್ಕ ಹಾಕಿಕೊಳ್ಳುವುದರಿಂದ, ವಿಶೇಷವಾಗಿ ಡಿಡಿಆರ್5 ಎಂಬ ಹೊಸ ಬಗೆಯ ರ್ಯಾಮ್ ಇರುವ ಯಂತ್ರಗಳಲ್ಲಿ, ಇನ್ನಷ್ಟು ಹೊತ್ತು ಹಿಡಿಯುತ್ತದೆ. ಇಂಥ ಸಮಯದಲ್ಲಿ ತಾಳ್ಮೆಗೆಟ್ಟು ಪವರ್ ಬಟನ್ ಒತ್ತಿ ಹಿಡಿಯುವವರಿಂದಲೇ ಎಷ್ಟೋ ಅಪ್‌ಡೇಟ್‌ಗಳು ಕೆಡುತ್ತವೆ ಎಂಬುದು ನನ್ನ ಅಭಿಪ್ರಾಯ. ಚಾರ್ಜರ್ ಜೋಡಿಸಿಟ್ಟು ಅರ್ಧ ಗಂಟೆ ಮುಟ್ಟದೆ ಬಿಡುವುದರಿಂದ ನಷ್ಟವೇನೂ ಇಲ್ಲ.

ಅರ್ಧ ಗಂಟೆಯಾದರೂ ಬದಲಾವಣೆ ಕಾಣದಿದ್ದರೆ ಯಂತ್ರದಲ್ಲಿ ಉಳಿದಿರುವ ವಿದ್ಯುತ್ತನ್ನು ಪೂರ್ತಿ ಖಾಲಿ ಮಾಡಬೇಕು. ಚಾರ್ಜರ್ ತೆಗೆದು, ಬ್ಯಾಟರಿ ಹೊರಗೆ ಬರುವಂಥದಾದರೆ ತೆಗೆದು, ಒಳಗಿರುವಂಥದಾದರೆ ಹಿಂಬದಿಯ ಮುಚ್ಚಳ ಬಿಚ್ಚಿ ಅದರ ಕನೆಕ್ಟರ್ ಬಿಡಿಸಿ, ಪವರ್ ಬಟನ್ನನ್ನು 30 ಸೆಕೆಂಡು ಒತ್ತಿ ಹಿಡಿಯಬೇಕು. ಅನಂತರ ಚಾರ್ಜರ್ ಮಾತ್ರ ಜೋಡಿಸಿ ಆನ್ ಮಾಡಬೇಕು. ಎಂಬೆಡೆಡ್ ಕಂಟ್ರೋಲರ್ ಎಲ್ಲೋ ಸಿಕ್ಕಿಕೊಂಡಿದ್ದರೆ ಇಷ್ಟಕ್ಕೇ ಬಿಡುಗಡೆಯಾಗುತ್ತದೆ.

ದೋಷ ಬಯೋಸ್‌ನದ್ದೇ ಎಂದು ಖಚಿತಪಡಿಸಿಕೊಳ್ಳುವುದು

ಅಪ್‌ಡೇಟ್ ಆದ ದಿನವೇ ಕೆಟ್ಟಿದೆ ಎಂಬ ಕಾರಣಕ್ಕೆ ಅಪ್‌ಡೇಟನ್ನೇ ದೂರುವುದು ಸರಿಯಲ್ಲ. ಕರೆಂಟ್ ಹೋಗಿ ಬರುವಾಗಿನ ಏರಿಳಿತ ಚಾರ್ಜರನ್ನೋ ಬೋರ್ಡಿನ ಪವರ್ ಭಾಗವನ್ನೋ ಕೆಡಿಸಿರಬಹುದು, ಇಲ್ಲವೇ ಪರದೆಯ ಹಿಂಬೆಳಕು ಮಾತ್ರ ಹೋಗಿರಬಹುದು. ಆದ್ದರಿಂದ ಪವರ್ ಒತ್ತಿದ ಮೇಲೆ ಮೊದಲು ಕ್ಯಾಪ್ಸ್ ಲಾಕ್ ಕೀ ಒತ್ತಿ ಅದರ ದೀಪ ಆನ್, ಆಫ್ ಆಗುತ್ತದೆಯೇ ನೋಡಬೇಕು. ಕೀಗೆ ಸರಿಯಾಗಿ ದೀಪ ಸ್ಪಂದಿಸುತ್ತಿದ್ದರೆ ಬಯೋಸ್ ಓಡುತ್ತಿರುವ ಸಂಭವವೇ ಹೆಚ್ಚು. ಆಗ ಎಚ್‌ಡಿಎಂಐ ಕೇಬಲ್ ಮೂಲಕ ಟಿವಿಗೆ ಜೋಡಿಸಿ ನೋಡುವುದು, ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ಮಸುಕಾದ ಚಿತ್ರ ಕಾಣುತ್ತದೆಯೇ ನೋಡುವುದು ಮೊದಲ ಕೆಲಸವಾಗಬೇಕು. ಪವರ್ ದೀಪವೇ ಹತ್ತದಿದ್ದರೆ ಬಯೋಸ್ ವಿಚಾರ ಬಿಟ್ಟು ಚಾರ್ಜರ್ ವೋಲ್ಟೇಜ್ ಅಳೆಯಬೇಕು. ರ್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಒರೆಸಿ, ಒಂದೇ ಕಡ್ಡಿ ಹಾಕಿ ಪರೀಕ್ಷಿಸುವುದನ್ನು ಯಾವ ಕಾರಣಕ್ಕೂ ಬಿಡಬಾರದು, ಏಕೆಂದರೆ ರ್ಯಾಮ್ ಸಿಗದಿದ್ದಾಗಲೂ ಇದೇ ಕಪ್ಪು ಪರದೆ, ಇದೇ ಫ್ಯಾನ್.

ಕಂಪನಿಗಳು ದೀಪದ ಮಿನುಗಿನಲ್ಲಿ ದೋಷದ ಸುಳಿವನ್ನು ಇಟ್ಟಿರುತ್ತವೆ. ಅದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಡೆಲ್ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ದೀಪವು ಹಳದಿಗೆಂಪು ಬಣ್ಣದಲ್ಲಿ ಕೆಲವು ಸಲ ಮಿನುಗಿ, ತುಸು ನಿಂತು, ಬಿಳಿ ಬಣ್ಣದಲ್ಲಿ ಕೆಲವು ಸಲ ಮಿನುಗುತ್ತದೆ. ಎರಡು ಮತ್ತು ಎರಡು ಎಂದರೆ ಬಯೋಸ್ ದೋಷ. ಎರಡು ಮತ್ತು ಮೂರು ಎಂದರೆ ರ್ಯಾಮ್ ಸಿಕ್ಕಿಲ್ಲ. ಮೂರು ಮತ್ತು ಮೂರು ಎಂದರೆ ರಿಕವರಿ ಫೈಲ್ ಸಿಕ್ಕಿಲ್ಲ. ಮೂರು ಮತ್ತು ನಾಲ್ಕು ಎಂದರೆ ಫೈಲ್ ಸಿಕ್ಕಿದೆ, ಆದರೆ ಅದು ಸರಿಯಿಲ್ಲ. ಕೊನೆಯ ಎರಡು ಸಂಕೇತಗಳನ್ನು ಕಂಡರೆ ಸಂತೋಷಪಡಬೇಕು, ಏಕೆಂದರೆ ಯಂತ್ರ ತಾನಾಗಿಯೇ ಔಷಧಿ ಕೇಳುತ್ತಿದೆ ಎಂದು ಅರ್ಥ. ಎಚ್‌ಪಿಯ ಹಲವು ಮಾದರಿಗಳಲ್ಲಿ ಕ್ಯಾಪ್ಸ್ ಲಾಕ್ ದೀಪ ಎರಡು ಸಲ ಮಿನುಗಿ ನಿಲ್ಲುವುದು ಬಯೋಸ್ ಕೆಟ್ಟಿರುವುದರ, ಮೂರು ಸಲ ಮಿನುಗುವುದು ರ್ಯಾಮ್ ದೋಷದ ಗುರುತು. ಮಾದರಿಯಿಂದ ಮಾದರಿಗೆ ಸಂಕೇತ ಬದಲಾಗುವುದರಿಂದ ಆಯಾ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ತೀರ್ಮಾನಕ್ಕೆ ಬರಬೇಕು.

ಯಂತ್ರದಲ್ಲೇ ಇರುವ ರಿಕವರಿ

1999ರ ಏಪ್ರಿಲ್ 26ರಂದು ಸಿಐಎಚ್ ವೈರಸ್ ಅನೇಕ ಕಂಪ್ಯೂಟರುಗಳ ಬಯೋಸ್ ಅಳಿಸಿಹಾಕಿದಾಗ ಚಿಪ್ ಬದಲಿಸುವುದು ಅಥವಾ ಹೊರಗಿನ ಯಂತ್ರದಲ್ಲಿಟ್ಟು ಮರಳಿ ಬರೆಯುವುದು ಬಿಟ್ಟರೆ ಹೆಚ್ಚಿನವರಿಗೆ ಬೇರೆ ದಾರಿ ಇರಲಿಲ್ಲ. ಈಗ ಹಾಗಿಲ್ಲ. ಅಪ್‌ಡೇಟ್ ಸಮಯದಲ್ಲಿ ಸಾಮಾನ್ಯವಾಗಿ ಮುಟ್ಟದೆ ಬಿಡುವ ಒಂದು ಸಣ್ಣ ಬೂಟ್ ಬ್ಲಾಕ್ ಚಿಪ್‌ನಲ್ಲಿ ಇರುತ್ತದೆ. ಉಳಿದ ಬಯೋಸ್ ಹಾಳಾಗಿದ್ದರೂ ಅದು ಎದ್ದು, ಪೆನ್ ಡ್ರೈವ್‌ನಲ್ಲೋ ಡಿಸ್ಕ್‌ನಲ್ಲಿ ಬೂಟ್ ಫೈಲ್‌ಗಳಿಗೆಂದು ಇರುವ ಇಎಫ್‌ಐ ಪಾರ್ಟಿಷನ್‌ನಲ್ಲೋ ಒಳ್ಳೆಯ ಪ್ರತಿಯನ್ನು ಹುಡುಕುತ್ತದೆ. ತಂತ್ರಜ್ಞಾನದ ಮಾನದಂಡಗಳನ್ನು ರೂಪಿಸುವ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು, ಫರ್ಮ್‌ವೇರ್ ಕೆಟ್ಟರೆ ಪತ್ತೆ ಹಚ್ಚಿ ತಾನೇ ಚೇತರಿಸಿಕೊಳ್ಳುವ ವ್ಯವಸ್ಥೆ ಯಂತ್ರದಲ್ಲಿರಬೇಕೆಂದು ಹೇಳುತ್ತದೆ. ಥಿಂಕ್‌ಪ್ಯಾಡ್‌ನಂಥ ಕಚೇರಿ ಬಳಕೆಯ ಹೊಸ ಮಾದರಿಗಳಲ್ಲಿ ಬಯೋಸ್‌ನ ಹೆಚ್ಚುವರಿ ಪ್ರತಿ ಇದ್ದು, ತಾನಾಗಿ ಮರಳಿ ಬರೆದುಕೊಳ್ಳುವುದನ್ನು ಕಾಣಬಹುದು. ಡಿಸ್ಕ್‌ನಲ್ಲಿ ಪ್ರತಿ ಇರಬಹುದಾದ ಕಾರಣ, ಯಂತ್ರ ಏಳುವ ಮೊದಲೇ ಎಸ್‌ಎಸ್‌ಡಿ ತೆಗೆದು ಫಾರ್ಮ್ಯಾಟ್ ಮಾಡುವ ಆತುರ ಬೇಡ.

ಪೆನ್ ಡ್ರೈವ್ ಸಿದ್ಧಪಡಿಸುವಾಗ ಬೇರೊಂದು ಕಂಪ್ಯೂಟರಿನಲ್ಲಿ ಕಂಪನಿಯ ಅಧಿಕೃತ ತಾಣದಿಂದ ಅದೇ ಮಾದರಿಯ ಬಯೋಸ್ ಇಳಿಸಿಕೊಳ್ಳಬೇಕು. ಮಾದರಿಯ ಹೆಸರಿನ ಕೊನೆಯ ಅಕ್ಷರ, ಸಂಖ್ಯೆಗಳೂ ಮುಖ್ಯ. ಹೊರಗಿನ ಕವಚ ಒಂದೇ ಇದ್ದು ಒಳಗೆ ಬೋರ್ಡ್ ಬೇರೆ ಇರುವುದು ಸಾಮಾನ್ಯ. ಹಿಂಬದಿಯ ಚೀಟಿ ಅಳಿಸಿಹೋಗಿದ್ದರೆ ಖರೀದಿಯ ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಸಿಗುತ್ತದೆ. ಆವೃತ್ತಿಯ ವಿಷಯದಲ್ಲಿ, ಅರ್ಧಕ್ಕೆ ನಿಂತದ್ದೇ ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನು ತೆಗೆದುಕೊಳ್ಳುವುದು ಒಳ್ಳೆಯದು. ಹಿಂದಿನ ಆವೃತ್ತಿಗೆ ಇಳಿಯಲು ಅನೇಕ ಹೊಸ ಯಂತ್ರಗಳು ಒಪ್ಪುವುದಿಲ್ಲ. ಪೆನ್ ಡ್ರೈವ್ ಫ್ಯಾಟ್32 ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ಬೂಟ್ ಬ್ಲಾಕ್‌ನಲ್ಲಿರುವ ತಿಳಿವಳಿಕೆ ತೀರಾ ಕಡಿಮೆ, ಹೀಗಾಗಿ ದೊಡ್ಡ ಸಾಮರ್ಥ್ಯದ ಹೊಸ ಪೆನ್ ಡ್ರೈವ್‌ಗಿಂತ ಮೂಲೆಯಲ್ಲಿ ಬಿದ್ದಿರುವ 8 ಜಿಬಿಯ ಹಳೆಯದೇ ಇಲ್ಲಿ ಹೆಚ್ಚು ನಂಬಿಕೆಗೆ ಯೋಗ್ಯ. ಓದುವಾಗ ಮಿನುಗುವ ದೀಪ ಅದರಲ್ಲಿದ್ದರೆ ಇನ್ನೂ ಒಳ್ಳೆಯದು. ಕಪ್ಪು ಪರದೆಯ ಮುಂದೆ ಕುಳಿತಾಗ ಒಳಗೆ ಏನಾದರೂ ನಡೆಯುತ್ತಿದೆಯೇ ಎಂದು ತಿಳಿಸುವುದು ಆ ದೀಪವೊಂದೇ.

ಡೆಲ್ ಯಂತ್ರಕ್ಕೆ ಇಳಿಸಿಕೊಂಡ ಫೈಲಿನ ಹೆಸರನ್ನು ಕಂಪನಿ ಹೇಳಿದ ರಿಕವರಿ ಹೆಸರಿಗೆ ಬದಲಿಸಿ, ಪೆನ್ ಡ್ರೈವ್‌ನಲ್ಲಿ ಯಾವ ಫೋಲ್ಡರಿನೊಳಗೂ ಇಡದೆ ಹೊರಗೇ ಇಡಬೇಕು. ಯಂತ್ರ ಆಫ್ ಆಗಿ ಚಾರ್ಜರ್ ತೆಗೆದಿರುವಾಗ ಪೆನ್ ಡ್ರೈವ್ ಹಾಕಿ, ಕಂಟ್ರೋಲ್ ಮತ್ತು ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ ಹಿಡಿದು, ಹಾಗೆಯೇ ಚಾರ್ಜರ್ ಜೋಡಿಸಿ, ರಿಕವರಿ ಪರದೆ ಬಂದಾಗ ಕೈ ಬಿಡಬೇಕು. ಎಚ್‌ಪಿಯಲ್ಲಿ ಇಳಿಸಿಕೊಂಡ ಪ್ರೋಗ್ರಾಂ ತಾನೇ ರಿಕವರಿ ಪೆನ್ ಡ್ರೈವ್ ಮಾಡಿಕೊಡುತ್ತದೆ. ಚಾರ್ಜರ್ ಜೋಡಿಸಿ, ವಿಂಡೋಸ್ ಕೀ ಮತ್ತು ಬಿ ಕೀಗಳನ್ನು ಒತ್ತಿ ಹಿಡಿದು, ಪವರ್ ಬಟನ್ನನ್ನು ಎರಡು-ಮೂರು ಸೆಕೆಂಡು ಒತ್ತಿ ಬಿಟ್ಟು, ಆ ಎರಡು ಕೀಗಳನ್ನು ಮಾತ್ರ ಹಿಡಿದೇ ಇರಬೇಕು. ಬೀಪ್ ಸದ್ದು ಕೇಳಿಸಬಹುದು. ಪರದೆ ಬರಲು ಮುಕ್ಕಾಲು ನಿಮಿಷವೋ ಇನ್ನೂ ಹೆಚ್ಚೋ ಹಿಡಿಯಬಹುದು. ಏಸರ್‌ನ ಹಲವು ಮಾದರಿಗಳಲ್ಲಿ ಎಫ್‌ಎನ್ ಮತ್ತು ಎಸ್ಕೇಪ್ ಕೀಗಳದ್ದು ಇದೇ ಕೆಲಸ, ಆದರೆ ಅಲ್ಲಿ ಫೈಲಿನ ಹೆಸರು ಬೋರ್ಡಿಗೆ ತಕ್ಕಂತೆ ಇರಬೇಕು. ಒಂದು ಯುಎಸ್‌ಬಿ ಪೋರ್ಟ್‌ನಲ್ಲಿ ಸ್ಪಂದನೆ ಇಲ್ಲದಿದ್ದರೆ ಉಳಿದ ಪೋರ್ಟ್‌ಗಳಲ್ಲೂ ಪ್ರಯತ್ನಿಸಬೇಕು. ಲ್ಯಾಪ್‌ಟಾಪಿನ ಕೀಬೋರ್ಡ್‌ನಲ್ಲಿ ಆ ಕೀಗಳು ಮೊದಲೇ ಸತ್ತಿದ್ದರೆ ಏನು ಮಾಡಿದರೂ ರಿಕವರಿ ಏಳುವುದಿಲ್ಲ. ಇದನ್ನು ಮರೆತು ಗಂಟೆಗಟ್ಟಲೆ ಒದ್ದಾಡುವವರಿದ್ದಾರೆ. ಆಗ ಹೊರಗಿನ ಯುಎಸ್‌ಬಿ ಕೀಬೋರ್ಡ್ ಜೋಡಿಸಿ ನೋಡಬಹುದು, ಎಲ್ಲ ಮಾದರಿಗಳಲ್ಲಿ ಅದು ನಡೆಯದಿದ್ದರೂ.

ಈ ಹಂತ ಶುರುವಾಗುವ ಮೊದಲು ಚಾರ್ಜರನ್ನು ಇನ್ವರ್ಟರ್ ಅಥವಾ ಯುಪಿಎಸ್ ಲೈನಿಗೆ ಹಾಕಿರಬೇಕು. ಮೊದಲ ಸಲ ಉಳಿದುಕೊಂಡ ಬೂಟ್ ಬ್ಲಾಕ್ ಎರಡನೆಯ ಸಲವೂ ಉಳಿಯುತ್ತದೆ ಎಂಬ ಭರವಸೆ ಯಾರೂ ಕೊಡಲಾರರು.

ಚಿಪ್‌ಗೆ ಕೈ ಹಾಕುವುದು

ರಿಕವರಿ ಏಳದಿದ್ದರೆ ಬೂಟ್ ಬ್ಲಾಕ್ ಕೂಡ ಹಾಳಾಗಿದೆ ಎಂದು ಭಾವಿಸಿ ಪ್ರೋಗ್ರಾಮರ್, ಅಂದರೆ ಚಿಪ್ಪನ್ನು ಹೊರಗಿನಿಂದ ಓದಿ ಬರೆಯುವ ಸಾಧನ, ಹಿಡಿಯಬೇಕಾಗುತ್ತದೆ. ವಾರಂಟಿ ಉಳಿದಿರುವ ಯಂತ್ರವನ್ನು ಇಲ್ಲಿಗೇ ನಿಲ್ಲಿಸಿ ಅಧಿಕೃತ ಸರ್ವಿಸ್ ಸೆಂಟರಿಗೆ ಕೊಡುವುದು ಲೇಸು. ಉಳಿದವರಿಗೆ ಬೇಕಾಗುವುದು ಸಿಎಚ್341ಎ ಹೆಸರಿನ ಅಗ್ಗದ ಯುಎಸ್‌ಬಿ ಪ್ರೋಗ್ರಾಮರ್, ಎಂಟು ಕಾಲಿನ ಚಿಪ್ ಹಿಡಿಯುವ ಕ್ಲಿಪ್, 1.8 ವೋಲ್ಟ್ ಅಡಾಪ್ಟರ್ ಮತ್ತು ಮಲ್ಟಿಮೀಟರ್. ಈ ಪ್ರೋಗ್ರಾಮರ್‌ನ ಕಪ್ಪು ಬಣ್ಣದ ಹಳೆಯ ಬೋರ್ಡುಗಳಲ್ಲಿ ಒಂದು ಕುಖ್ಯಾತ ದೋಷವಿದೆ: ಚಿಪ್‌ಗೆ ಹೋಗುವ ಸಪ್ಲೈ 3.3 ವೋಲ್ಟ್ ಇದ್ದರೂ ಡೇಟಾ ತಂತಿಗಳಲ್ಲಿ 5 ವೋಲ್ಟ್ ಬರುತ್ತದೆ. ಮೊದಲೇ ಅಳೆದು, ಹೆಚ್ಚಿದ್ದರೆ ಆ ಬೋರ್ಡನ್ನು ತಿದ್ದದೆ ಬಳಸಬಾರದು.

ಚಿಪ್ ಹುಡುಕಿದ ಮೇಲೆ ಅದರ ತಲೆಯ ಮೇಲಿನ ಅಕ್ಷರಗಳನ್ನು ಭೂತಗನ್ನಡಿಯಲ್ಲೋ ಮೊಬೈಲ್ ಕ್ಯಾಮೆರಾ ಹಿಗ್ಗಿಸಿಯೋ ಓದಬೇಕು. ವಿನ್‌ಬಾಂಡ್‌ನ ಡಬ್ಲ್ಯೂ25ಕ್ಯೂ64 ಎಂದರೆ 64 ಮೆಗಾಬಿಟ್, ಅಂದರೆ 8 ಎಂಬಿ. 128 ಎಂದಿದ್ದರೆ 16 ಎಂಬಿ. 256 ಎಂದಿದ್ದರೆ 32 ಎಂಬಿ. ಸಂಖ್ಯೆಯ ನಂತರದ ಅಕ್ಷರಗಳಲ್ಲಿ ವೋಲ್ಟೇಜ್ ಅಡಗಿದೆ: ಎಫ್‌ವಿ, ಜೆವಿ ಎಂದಿದ್ದರೆ 3.3 ವೋಲ್ಟ್, ಎಫ್‌ಡಬ್ಲ್ಯೂ, ಜೆಡಬ್ಲ್ಯೂ ಎಂದಿದ್ದರೆ 1.8 ವೋಲ್ಟ್. ಗಿಗಾಡಿವೈಸ್‌ನಲ್ಲಿ ಜಿಡಿ25ಕ್ಯೂ 3.3 ವೋಲ್ಟಿನದು, ಜಿಡಿ25ಎಲ್‌ಕ್ಯೂ 1.8 ವೋಲ್ಟಿನದು, ಮ್ಯಾಕ್ರಾನಿಕ್ಸ್‌ನಲ್ಲಿ ಎಂಎಕ್ಸ್25ಎಲ್ ಮತ್ತು ಎಂಎಕ್ಸ್25ಯು ನಡುವೆಯೂ ಇದೇ ಭೇದ. 1.8 ವೋಲ್ಟ್ ಚಿಪ್‌ಗೆ ಅಡಾಪ್ಟರ್ ಇಲ್ಲದೆ ಕ್ಲಿಪ್ ಹಾಕಿದರೆ ಬರಹವಷ್ಟೇ ಅಲ್ಲ, ಚಿಪ್ಪೂ ಹೋಗಬಹುದು. ಕೆಲವು ಬೋರ್ಡುಗಳಲ್ಲಿ ಇಂಥ ಚಿಪ್‌ಗಳು ಎರಡಿರುತ್ತವೆ, ಒಂದು ಬಯೋಸ್‌ಗೆ, ಚಿಕ್ಕದು ಎಂಬೆಡೆಡ್ ಕಂಟ್ರೋಲರ್‌ಗೆ. ಇಲ್ಲವೇ ಬಯೋಸ್ ಒಂದೇ ಎರಡು ಚಿಪ್‌ಗಳಲ್ಲಿ ಹಂಚಿಕೊಂಡಿರುತ್ತದೆ. ಕಾಲುಗಳು ಹೊರಗೆ ಚಾಚಿರದ, ತಳದಲ್ಲೇ ಮುಗಿಯುವ ಚಪ್ಪಟೆ ಚಿಪ್‌ಗಳನ್ನು ಕ್ಲಿಪ್ ಹಿಡಿಯುವುದಿಲ್ಲ.

ಕ್ಲಿಪ್ ಹಾಕುವ ಮೊದಲು ಚಾರ್ಜರ್, ಬ್ಯಾಟರಿ ಮತ್ತು ಗುಂಡಿ ಸೆಲ್ ಮೂರನ್ನೂ ಬಿಡಿಸಿರಬೇಕು. ಚಿಪ್‌ನ ಒಂದು ಮೂಲೆಯಲ್ಲಿ ಸಣ್ಣ ಚುಕ್ಕೆಯಿರುತ್ತದೆ. ಅದು ಒಂದನೆಯ ಕಾಲು, ಕ್ಲಿಪ್ ಪಟ್ಟಿಯ ಕೆಂಪು ತಂತಿ ಅಲ್ಲಿಗೆ ಬರಬೇಕು. ನಾಲ್ಕನೆಯದು ಗ್ರೌಂಡ್, ಎಂಟನೆಯದು ಸಪ್ಲೈ. ತಿರುಗಿಸಿ ಹಾಕಿದರೆ ಇವೆರಡೂ ಅದಲುಬದಲಾಗುತ್ತವೆ. ನಮ್ಮಲ್ಲಿ ಹಳೆಯ ವೈರಿಂಗ್ ಇರುವ ಅಂಗಡಿ, ಮನೆಗಳಲ್ಲಿ ಅರ್ಥಿಂಗ್ ಸರಿಯಿರುವುದು ಅಪರೂಪ. ಚಾರ್ಜರ್ ಹಾಕಿದ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುವುದು ಎಲ್ಲರಿಗೂ ಗೊತ್ತಿರುವ ಅನುಭವ. ಅದೇ ಸೋರಿಕೆ ಪ್ರೋಗ್ರಾಮರ್ ಮೂಲಕ ಚಿಪ್‌ಗೂ ಹರಿಯಬಹುದಾದ್ದರಿಂದ, ಪ್ರೋಗ್ರಾಮರ್ ಜೋಡಿಸಿದ ಲ್ಯಾಪ್‌ಟಾಪನ್ನು ಆ ಹೊತ್ತಿಗೆ ಬ್ಯಾಟರಿಯ ಮೇಲೆ ಓಡಿಸುವುದು ಕ್ಷೇಮ.

ಈಗ ಓದುವುದು. ಲಿನಕ್ಸ್‌ನಲ್ಲಿ ಫ್ಲ್ಯಾಶ್‌ರಾಮ್ ಪ್ರೋಗ್ರಾಂ ಈ ಕೆಲಸಕ್ಕೆ ಸಾಕು. ಎರಡು ಸಲ ಓದಿ ಎರಡು ಫೈಲ್‌ಗಳಾಗಿ ಉಳಿಸಿ, ಎರಡರ ಎಸ್‌ಎಚ್‌ಎ-256 ಮೊತ್ತ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಒಂದೇ ಇದೆಯೇ ನೋಡಬೇಕು. ಬೇರೆಯಾಗಿದ್ದರೆ ಕ್ಲಿಪ್ ಸರಿಯಾಗಿ ಕೂತಿಲ್ಲ, ಇಲ್ಲವೇ ಬೋರ್ಡಿನ ಉಳಿದ ಭಾಗ ಪ್ರೋಗ್ರಾಮರ್‌ನ ವಿದ್ಯುತ್ತನ್ನು ಎಳೆದುಕೊಳ್ಳುತ್ತಿದೆ. ಕಾಲುಗಳ ಮೇಲಿನ ವಾರ್ನಿಷ್ ಪದರವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಮತ್ತೆ ಹಾಕಬೇಕು, ಆಗಲೂ ಹೊಂದದಿದ್ದರೆ ಚಿಪ್ ಬಿಚ್ಚಿ ಹೊರಗೆ ಓದಬೇಕು. ಫೈಲ್ ಪೂರ್ತಿ ಎಫ್‌ಎಫ್ ಅಥವಾ ಪೂರ್ತಿ ಸೊನ್ನೆ ಇದ್ದರೆ ಚಿಪ್ ಖಾಲಿಯಿದೆ ಎಂದು ನಂಬುವ ಮೊದಲು ಕ್ಲಿಪ್ಪನ್ನೇ ಅನುಮಾನಿಸಬೇಕು.

ಬಾಗಲಕೋಟೆಯ ನವನಗರದ ಆನ್‌ಲೈನ್ ಸೆಂಟರ್ ಒಂದರಿಂದ ಬಂದಿದ್ದ ಇಂಟೆಲ್ ಲ್ಯಾಪ್‌ಟಾಪಿನ ಡಂಪ್, ಅಂದರೆ ಚಿಪ್‌ನಿಂದ ಓದಿ ಉಳಿಸಿದ ಫೈಲ್, ಹೇಗಿತ್ತೆಂದು ಹೇಳಿದರೆ ವಿಷಯ ಸ್ಪಷ್ಟವಾಗುತ್ತದೆ. 16 ಎಂಬಿ ಫೈಲಿನ ಆರಂಭದಲ್ಲಿ, ಹದಿನಾರನೆಯ ಬೈಟಿನ ನಂತರ, 5ಎ ಎ5 ಎಫ್0 0ಎಫ್ ಎಂಬ ನಾಲ್ಕು ಬೈಟ್‌ಗಳು ಇದ್ದವು. ಇದು ಇಂಟೆಲ್ ಡಿಸ್ಕ್ರಿಪ್ಟರ್‌ನ ಗುರುತು, ಅಂದರೆ ಚಿಪ್‌ನ ಹಂಚಿಕೆಯ ನಕ್ಷೆ ಸುರಕ್ಷಿತ. ಅದರ ಮುಂದಿನ ಮ್ಯಾನೇಜ್‌ಮೆಂಟ್ ಎಂಜಿನ್ (ಇಂಟೆಲ್ ಬೋರ್ಡುಗಳಲ್ಲಿರುವ ಸಣ್ಣ ಪ್ರತ್ಯೇಕ ನಿಯಂತ್ರಕ) ಭಾಗವೂ ತುಂಬಿತ್ತು. ಬಯೋಸ್ ಫೈಲನ್ನು ಬಿಡಿಸಿ ತೋರಿಸುವ ಯುಇಎಫ್‌ಐ ಟೂಲ್ ಪ್ರೋಗ್ರಾಂನಲ್ಲಿ ತೆರೆದಾಗ ಬಯೋಸ್ ಭಾಗದ ನಡುವೆ ಒಂದು ವಾಲ್ಯೂಮಿನ (ಅದರ ಒಂದು ವಿಭಾಗದ) ತಲೆಬರಹ ಇದ್ದು, ಅದರ ಹೊಟ್ಟೆಯಲ್ಲಿ ಒಂದು ಜಾಗದಿಂದ ಮುಂದಕ್ಕೆ ಪುಟಗಟ್ಟಲೆ ಬರೀ ಎಫ್‌ಎಫ್. ಆ ಎಫ್‌ಎಫ್ ಶುರುವಾದ ವಿಳಾಸ 4 ಕೆಬಿಯ ಗಡಿಗೆ ಸರಿಯಾಗಿ ಕೂತಿತ್ತು. ಫೈಲಿನಲ್ಲಿ ಖಾಲಿ ಜಾಗ ಸಹಜವಾಗಿಯೂ ಇರುತ್ತದೆ, ಆದರೆ ಕೋಡ್ ಹರಿಯುತ್ತಿರುವಾಗ ವಾಕ್ಯ ತುಂಡಾದಂತೆ ಗಡಿಯಲ್ಲೇ ನಿಂತಿದ್ದರೆ ಅದು ಅಳಿಸಿ, ಬರೆಯದೆ ಬಿಟ್ಟ ಜಾಗ.

ಓದಿ ಉಳಿಸಿಕೊಳ್ಳದೆ ಬರೆಯಕೂಡದು ಎಂಬ ಆರಂಭದ ನಿಯಮದ ಕಾರಣಕ್ಕೆ ಈಗ ಬರೋಣ. ಚಿಪ್‌ನಲ್ಲಿ ಬಯೋಸ್ ಕೋಡ್ ಮಾತ್ರ ಇರುವುದಿಲ್ಲ. ಆ ಒಂದು ಯಂತ್ರಕ್ಕೇ ಸೇರಿದ ಸಂಗತಿಗಳೂ ಅಲ್ಲಿವೆ. ಸೀರಿಯಲ್ ಸಂಖ್ಯೆ, ವಿಂಡೋಸ್ 8ರ ಕಾಲದಿಂದ ಕಾರ್ಖಾನೆಯಲ್ಲೇ ಬರೆದಿಡುವ ವಿಂಡೋಸ್ ಕೀ, ಕೆಲವು ಮಾದರಿಗಳಲ್ಲಿ ನೆಟ್‌ವರ್ಕ್ ಪೋರ್ಟ್‌ನ ಮ್ಯಾಕ್ ವಿಳಾಸ, ಮ್ಯಾನೇಜ್‌ಮೆಂಟ್ ಎಂಜಿನ್ ಆ ಬೋರ್ಡಿಗೆಂದೇ ಹೊಂದಿಸಿಕೊಂಡ ದತ್ತಾಂಶ, ಎಲ್ಲವೂ ಇದರೊಳಗೇ. ಅಂತರ್ಜಾಲದಲ್ಲಿ ಅದೇ ಮಾದರಿಯ ಇನ್ಯಾರದೋ ಯಂತ್ರದ ಡಂಪ್ ಸಿಕ್ಕಿತೆಂದು ಹಾಗೆಯೇ ಬರೆದರೆ, ಲ್ಯಾಪ್‌ಟಾಪ್ ಎದ್ದರೂ ಅದು ಬೇರೆಯವರ ಹೆಸರಿನಲ್ಲಿ ಎದ್ದಂತಾಗುತ್ತದೆ. ಮ್ಯಾನೇಜ್‌ಮೆಂಟ್ ಎಂಜಿನ್ ಹೊಂದದಿದ್ದರೆ ಫ್ಯಾನ್ ಸದಾ ಜೋರಾಗಿ ತಿರುಗುವುದು, ಏಳಲು ಬಹಳ ಹೊತ್ತು ಹಿಡಿಯುವುದು, ಕೆಲವು ಯಂತ್ರಗಳಲ್ಲಿ ಸರಿಯಾಗಿ 30 ನಿಮಿಷಕ್ಕೆ ತಾನಾಗಿ ಆಫ್ ಆಗುವುದು ಶುರುವಾಗುತ್ತದೆ. ಅಂಥ ಡಂಪ್‌ನಲ್ಲಿ ಯಾರು ಏನು ತುರುಕಿದ್ದಾರೆ ಎಂಬುದೂ ತಿಳಿಯುವುದಿಲ್ಲ. ಹಾಗಾಗಿ ಕಂಪನಿಯ ಅಧಿಕೃತ ಅಪ್‌ಡೇಟ್ ಫೈಲಿನಿಂದ ಬಯೋಸ್ ಭಾಗವನ್ನು ಬಿಡಿಸಿಕೊಂಡು, ನಾವು ಉಳಿಸಿಕೊಂಡ ಮೂಲ ಡಂಪ್‌ನ ಪ್ರತಿಯಲ್ಲಿ ಕೆಟ್ಟ ವಾಲ್ಯೂಮುಗಳ ಜಾಗಕ್ಕೆ ಮಾತ್ರ ಅದನ್ನು ಕೂರಿಸಬೇಕು. ಅಧಿಕೃತ ಫೈಲಿನ ಮೊದಲಿಗೆ ಸಾಮಾನ್ಯವಾಗಿ ಕ್ಯಾಪ್ಸೂಲ್ ತಲೆಬರಹ (ಅಪ್‌ಡೇಟ್ ಕೆಲಸಕ್ಕೆಂದು ಸೇರಿಸಿದ ಮಾಹಿತಿ) ಇರುವುದರಿಂದ ಅದನ್ನು ಕತ್ತರಿಸದೆ ಬರೆದರೆ ಪ್ರತಿಯೊಂದು ವಿಳಾಸವೂ ಮುಂದೆ ಸರಿದುಹೋಗುತ್ತದೆ. ಸಿದ್ಧವಾದ ಫೈಲಿನ ಗಾತ್ರ ಚಿಪ್‌ನ ಸಾಮರ್ಥ್ಯಕ್ಕೆ ಬೈಟ್‌ಗೆ ಬೈಟ್ ಸಮ ಇರಬೇಕು.

2013ರ ಹ್ಯಾಸ್‌ವೆಲ್ ಪೀಳಿಗೆಯಿಂದೀಚಿನ ಅನೇಕ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಬೂಟ್ ಗಾರ್ಡ್ ಇದೆ; ಕಂಪನಿಯ ಸಹಿ ಹೊಂದದ ಆರಂಭಿಕ ಕೋಡನ್ನು ಅದು ಓಡಲು ಬಿಡುವುದಿಲ್ಲ. ಕಂಪನಿಯದೇ ಕೋಡನ್ನು ತಿದ್ದದೆ ಕೂರಿಸಿದರೆ ಇದರಿಂದ ತೊಂದರೆಯಿಲ್ಲ. ಬರೆದಾದ ಮೇಲೆ ವೆರಿಫೈ ಮಾಡಿ, ಮತ್ತೊಮ್ಮೆ ಓದಿ, ಬರೆದ ಫೈಲಿನೊಂದಿಗೆ ಹೋಲಿಸಿ ನೋಡಿದ ನಂತರವೇ ಕ್ಲಿಪ್ ತೆಗೆಯಬೇಕು.

ಜೀವ ಬಂದ ಮೇಲೆ

ಮೊದಲ ಸಲ ಆನ್ ಮಾಡಿದಾಗ ಮತ್ತೆ ಕಾಯಬೇಕು, ಕಾರಣ ಮೇಲೆ ಹೇಳಿದ್ದೇ. ಲೋಗೋ ಬಂದ ತಕ್ಷಣ ಬಯೋಸ್ ಸೆಟಪ್‌ಗೆ ಹೋಗಿ ದಿನಾಂಕ, ಸಮಯ ಸರಿಪಡಿಸಬೇಕು. ಅನಂತರ ಸ್ಟೋರೇಜ್ ಮೋಡ್ (ಯಂತ್ರ ಡಿಸ್ಕ್ ಜೊತೆ ವ್ಯವಹರಿಸುವ ವಿಧಾನ) ನೋಡಬೇಕು: ವಿಂಡೋಸ್ ಹಾಕಿದ್ದಾಗ ಎಎಚ್‌ಸಿಐ ಇದ್ದು, ಈಗ ಡೀಫಾಲ್ಟ್ ಆಗಿ ರೇಡ್ ಅಥವಾ ವಿಎಂಡಿ ಆಗಿದ್ದರೆ ಬೂಟ್ ಡಿಸ್ಕ್ ಸಿಗುತ್ತಿಲ್ಲ ಎಂಬ ನೀಲಿ ಪರದೆ ಬರುತ್ತದೆ. ಎಸ್‌ಎಸ್‌ಡಿ ಹೋಯಿತು ಎಂದೋ ವಿಂಡೋಸ್ ಕೆಟ್ಟಿತು ಎಂದೋ ತಿಳಿದು ಹೊಸದಾಗಿ ಇನ್‌ಸ್ಟಾಲ್ ಮಾಡಿ ಎಲ್ಲ ಫೈಲ್ ಕಳೆದುಕೊಂಡವರಿದ್ದಾರೆ; ಸೆಟಪ್‌ನಲ್ಲಿ ಒಂದು ಆಯ್ಕೆ ಬದಲಿಸಿದರೆ ಮುಗಿಯುವ ಕೆಲಸ ಅದು.

ಇದಕ್ಕಿಂತ ಗಂಭೀರವಾದದ್ದು ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ಗೂಢಲಿಪಿಯ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ. ಡಿಸ್ಕ್‌ನ ಬೀಗದ ಕೀ ಟಿಪಿಎಂ ಎಂಬ ಭದ್ರತಾ ಘಟಕದಲ್ಲಿರುತ್ತದೆ, ಮತ್ತು ಫರ್ಮ್‌ವೇರ್ ಬದಲಾಗಿದೆ ಎಂದು ಕಂಡಾಗ ಟಿಪಿಎಂ ಆ ಕೀ ಬಿಟ್ಟುಕೊಡುವುದಿಲ್ಲ. ಆಗ ಪರದೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ತಾವು ಬಿಟ್‌ಲಾಕರ್ ಹಾಕಿಯೇ ಇಲ್ಲ ಎಂದು ಮಾಲೀಕರು ಹೇಳುವುದು ಸಹಜ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಅನೇಕ ವಿಂಡೋಸ್ 11 ಯಂತ್ರಗಳಲ್ಲಿ ಅದು ತಾನಾಗಿಯೇ ಚಾಲೂ ಆಗಿರುತ್ತದೆ, ಕೀ ಅದೇ ಖಾತೆಯಲ್ಲಿ ಉಳಿದಿರುತ್ತದೆ. ಅಂಗಡಿಯವನೋ ಅಳಿಯನೋ ಮೊದಲ ದಿನ ಯಾವುದೋ ಇಮೇಲ್ ಹಾಕಿ ತೆರೆದ ಖಾತೆ ಅದಾಗಿದ್ದರೆ ಪತ್ತೆ ಹಚ್ಚುವುದೇ ಒಂದು ಕೆಲಸ. ಎಸ್‌ಎಸ್‌ಡಿಯನ್ನು ಬೇರೆ ಲ್ಯಾಪ್‌ಟಾಪಿಗೆ ಹಾಕಿದರೂ ಇದೇ ಕೀ ಬೇಕು. ಆದ್ದರಿಂದ ದುರಸ್ತಿ ಶುರು ಮಾಡುವ ಮೊದಲೇ ಮಾಲೀಕರ ಮೊಬೈಲಿನಲ್ಲಿ ಖಾತೆ ತೆರೆಸಿ ಕೀ ಸಿಗುತ್ತದೆಯೇ ನೋಡಿಸುವುದು ಜಾಣತನ. ಕೀ ಇಲ್ಲದಿದ್ದರೆ ದತ್ತಾಂಶದ ಭರವಸೆ ಕೊಡಲಾಗದು ಎಂದು ಮುಂಚೆಯೇ ಹೇಳಿಬಿಡಬೇಕು.

ದೂರದ ಅಂಗಡಿಗೆ ಕಳುಹಿಸುವಾಗ

ವೆರಿಫೈ ಸರಿಯಾಗಿದ್ದೂ ಯಂತ್ರ ಏಳದಿದ್ದರೆ ದೋಷ ಬಯೋಸ್‌ನದಷ್ಟೇ ಅಲ್ಲ ಎಂದು ಒಪ್ಪಿ ಚಿಪ್ ಲೆವೆಲ್ ಕೆಲಸ ಬಲ್ಲವರಿಗೆ ಬಿಡಬೇಕು. ಮುದ್ದೇಬಿಹಾಳ, ಇಂಡಿ, ಜಮಖಂಡಿಯಂಥ ಊರುಗಳಿಂದ ಬೆಳಗಾವಿಗೋ ಹುಬ್ಬಳ್ಳಿಗೋ ಬಸ್ಸಿನಲ್ಲಿ ಪಾರ್ಸೆಲ್ ಹಾಕುವಾಗ ಎಸ್‌ಎಸ್‌ಡಿ ತೆಗೆದು ಮನೆಯಲ್ಲೇ ಇಟ್ಟುಕೊಂಡು, ಲ್ಯಾಪ್‌ಟಾಪ್ ಜೊತೆ ಒಂದು ಚೀಟಿ ಇಡಬೇಕು. ಲ್ಯಾಪ್‌ಟಾಪಿನ ಮಾದರಿ, ಬೋರ್ಡ್ ಮೇಲೆ ಅಚ್ಚಾಗಿರುವ ಬೋರ್ಡ್ ಸಂಖ್ಯೆ, ಯಾವ ಆವೃತ್ತಿಯಿಂದ ಯಾವ ಆವೃತ್ತಿಗೆ ಅಪ್‌ಡೇಟ್ ಮಾಡುವಾಗ ನಿಂತಿತು, ದೀಪ ಎಷ್ಟು ಸಲ ಮಿನುಗುತ್ತದೆ, ಚಿಪ್‌ಗೆ ಈಗಾಗಲೇ ಏನು ಬರೆಯಲಾಗಿದೆ ಎಂಬುದು ಅದರಲ್ಲಿರಲಿ. ಮೂಲ ಡಂಪ್ ಇರುವ ಪೆನ್ ಡ್ರೈವನ್ನು ಅದೇ ಚೀಟಿಗೆ ಅಂಟಿಸಿ, ಆ ಡಂಪ್‌ನ ಇನ್ನೊಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.